ನೌಕರಿ ಖಚಿತ

(ಮೆಜೆಸ್ಟಿಕ್ ಹತ್ತಿರ, ಲಾಡ್ಜಿನ ಮೇಲಿನ ಮಹಡಿ. ‘ನೌಕರಿ ಖಚಿತ’ ಎಂಬ ಬೋರ್ಡು. ಬಣ್ಣ ಇನ್ನೂ ಒಣಗಿಲ್ಲ. ಯಾರ ನೌಕರಿ ಎಂದು ಬರೆದಿಲ್ಲ.)

ಏಜೆಂಟ್: ಯಾವೂರಪ್ಪಾ?

ಹುಡುಗ: ಗದಗ ರೀ. ಮುಂಜಾನೆ ಗೋಲಗುಂಬಜ್ ಗಾಡಿಗೆ ಬಂದೇನ್ರಿ. ಮೆಕ್ಯಾನಿಕಲ್ ಬಿ.ಇ.

ಏಜೆಂಟ್: ಹಾಗಾದ್ರೆ ಸಾಫ್ಟ್‌ವೇರ್. ಫ್ರೆಶರ್ ಪೋಸ್ಟ್ ಇದೆ, 2 ವರ್ಷ ಅನುಭವ ಬೇಕು.

ಹುಡುಗ: ಅನುಭವ ಇದ್ರ ಫ್ರೆಶರ್ ಹೆಂಗಾಗ್ತಾನ್ರೀ?

ಏಜೆಂಟ್: ಪ್ರಶ್ನೆ ಕೇಳೋದು ಎಚ್‌ಆರ್ ಕೆಲಸ. ಇಲ್ಲಿ ಅಡ್ರೆಸ್ ಇದೆಯಾ?

ಹುಡುಗ: ಮನಿ ಮಾಲೀಕ್ರು 10 ತಿಂಗಳ ಅಡ್ವಾನ್ಸು, ಕಂಪನಿ ಐಡಿ ಕೇಳ್ತಾರ. ಕಂಪನಿಯವ್ರು ಮನಿ ಅಡ್ರೆಸ್ ಕೇಳ್ತಾರ.

ಏಜೆಂಟ್: ನಮ್ಮ ಭಾಮೈದನ ಪಿಜಿ ಇದೆ. ಕಿಟಕಿ ಪಕ್ಕದ ಮಂಚಕ್ಕೆ 500 ಜಾಸ್ತಿ. ಕಿಟಕಿ ತೆಗೆಯೋಕೆ ಆಗಲ್ಲ, ಅಷ್ಟೇ.

ಹುಡುಗ: ಕನ್ನಡದವ್ರಿಗೆ ಮೊದ್ಲು ಕೆಲಸ ಅಂತ ಮಹಿಷಿ ವರದಿ ಐತಲ್ರೀ?

ಏಜೆಂಟ್: 1986ರಲ್ಲಿ ಬಂತು. ಅದೂ ನಿನ್ನ ಹಂಗೇ ಅಲೀತಾ ಇದೆ. ಹಿಂದಿ ಬರುತ್ತಾ?

ಹುಡುಗ: ಅಷ್ಟಕ್ಕಷ್ಟ ರೀ.

ಏಜೆಂಟ್: ರಿಜಿಸ್ಟ್ರೇಷನ್ 3,000. ಲ್ಯಾಪ್‌ಟಾಪ್ ಡೆಪಾಸಿಟ್ 5,000. ಗೂಗಲ್ ಪೇ ಮಾಡ್ಬಿಡು.

ಹುಡುಗ: ಸಂಬಳ ಕಂಪನಿ ಕೊಡತೈತೋ, ಅದನ್ನೂ ನಾನ ಕೊಡ್ಬೇಕೋ?

ಏಜೆಂಟ್: (ಖುಷಿಯಾಗಿ) ಭಲೇ, ಲೆಕ್ಕ ಚೆನ್ನಾಗಿ ಬರುತ್ತೆ! ನಮ್ಮಲ್ಲೇ ಸೇರ್ಕೋ. ನಿಮ್ಮೂರ ಹುಡುಗರನ್ನ ಕರ್ಕೊಂಡು ಬಂದ್ರೆ ಕಮಿಷನ್ನೂ ಉಂಟು.

ಹುಡುಗ: (ಕುರ್ಚಿ ಹತ್ತಿರಕ್ಕೆಳೆದು) ಅವ್ರ ಕಡಿಂದ ನಾಕು ಸಾವಿರ ತಗೊಂಡ್ರ ನಡೀತೈತೇನ್ರೀ?