ಅಕ್ಕನ ಮಗಳ ಫೋಟೊ: ಸೋದರಮಾವಂದಿರಿಗೊಂದು ಕೈಪಿಡಿ

ಬಳಸುವ ಮುನ್ನ ಓದಿ

ನೆಂಟರಿಷ್ಟರ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಓಡಾಡಿದ ತಪ್ಪಿಗೆ 'ನಮ್ಮಲ್ಲೇ ಒಬ್ಬ ಫೋಟೊಗ್ರಾಫರ್ ಇದ್ದಾನಲ್ಲ' ಎನ್ನಿಸಿಕೊಂಡ ಸಮಸ್ತ ಸೋದರಮಾವಂದಿರ ಉಪಯೋಗಕ್ಕಾಗಿ ಈ ಕೈಪಿಡಿ. ಅಕ್ಕನ ಮಗಳು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ. ಎತ್ತರವಾಗಿದ್ದಾಳೆ. ಕಾಲೇಜಿನ ಎಥ್ನಿಕ್ ಡೇ ದಿನ ರ‍್ಯಾಂಪ್ ಮೇಲೆ ನಡೆದು ಶೀಲ್ಡು ತಂದಿದ್ದಾಳೆ. ಈಗ ಮಿಸ್ ಇಂಡಿಯಾ ಸ್ಪರ್ಧೆಯ ಕರ್ನಾಟಕದ ಆಯ್ಕೆಗೆ ಅರ್ಜಿ ಹಾಕುತ್ತೇನೆ ಎನ್ನುತ್ತಿದ್ದಾಳೆ. ಅರ್ಜಿಗೆ ಫೋಟೊ ಬೇಕು. 'ಮಾಮ, ನೀವೇ ತೆಗೀಬೇಕು' ಎಂದು ಫೋನು ಬಂದ ಕ್ಷಣದಿಂದ ಈ ಕೈಪಿಡಿ ಜಾರಿಗೆ ಬರುತ್ತದೆ. ವಾರಂಟಿ ಮಾತ್ರ ಇರುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಭಾವನವರ ಸ್ಥಿತಿಗತಿ ಪರೀಕ್ಷಿಸಿಕೊಳ್ಳಿ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ಈ ವಯಸ್ಸಿನವರಿಗೆ ಚೆನ್ನಾಗಿ ನೆನಪಿರುತ್ತದೆ. ಅದನ್ನು ವಿರೋಧಿಸಿ ಒಂದು ಕಡೆ ರೈತ ಸಂಘದ ಪ್ರೊ. ನಂಜುಂಡಸ್ವಾಮಿ, ಇನ್ನೊಂದು ಕಡೆ ಮಹಿಳಾ ಸಂಘಟನೆಗಳು. ಕೊನೆಗೆ ಈಜುಡುಗೆಯ ಸುತ್ತನ್ನು ಸೆಷೆಲ್ಸ್ ದ್ವೀಪಗಳಿಗೆ ಸಾಗಹಾಕಿ, ಸಾವಿರಾರು ಪೊಲೀಸರನ್ನು ನಿಲ್ಲಿಸಿ, ಅಮಿತಾಭ್ ಬಚ್ಚನ್ ಅವರ ಕಂಪನಿ ಹೇಗೋ ಆ ಸಂಜೆಯನ್ನು ದಡ ಮುಟ್ಟಿಸಿತು. ಕಿರೀಟ ಗ್ರೀಸಿನ ಐರೀನ್ ಸ್ಕ್ಲಿವಾ ಪಾಲಾಯಿತು. ನಿಮ್ಮ ಭಾವ ಅಂದು ಹಸಿರು ಶಾಲು ಹೊದ್ದು ಊರಿಂದ ಲಾರಿ ಹತ್ತಿದವರಾಗಿದ್ದರೆ ಅವರೊಂದಿಗೆ ವಾದಕ್ಕೆ ನಿಲ್ಲಬೇಡಿ. ಹೆಣ್ಣನ್ನು ಹೀಗೆ ಸಾಲಾಗಿ ನಿಲ್ಲಿಸಿ ಅಂಕ ಕೊಡುವುದೇಕೆ, ಇದರಲ್ಲಿ ವ್ಯಾಪಾರ ಯಾರದು ಎಂಬ ಅವರ ಪ್ರಶ್ನೆಗಳು ಇವತ್ತಿಗೂ ನ್ಯಾಯವಾದವೇ. ಆದರೆ ಮಗಳ ಆಸೆಗೆ ಉತ್ತರ ಹೇಳಬೇಕಾದವಳು ಅವಳು, ನೀವಲ್ಲ.

ಅಷ್ಟಕ್ಕೂ ಭಾವ ಬಗ್ಗದಿದ್ದರೆ ರೀಟಾ ಫರಿಯಾ ಅವರ ಹೆಸರು ಹೇಳಿ. 1966ರಲ್ಲಿ ವಿಶ್ವಸುಂದರಿಯಾದಾಗ ಆಕೆ ಮುಂಬಯಿಯಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗಿ. ಕಿರೀಟದ ವರ್ಷ ಮುಗಿಸಿ ಓದಿಗೆ ಮರಳಿ ಡಾಕ್ಟರೇ ಆದರು. 'ಡಾಕ್ಟರ್' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮೆತ್ತಗಾಗದ ಅಪ್ಪ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕರಾವಳಿಯ ಮನೆಯಾದರೆ ಇಷ್ಟೆಲ್ಲ ಬೇಕಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದರು, ಕರ್ನಾಟಕದ ಹೆಸರಿನಲ್ಲಿ ನಿಂತ ಸಿನಿ ಶೆಟ್ಟಿ 2022ರಲ್ಲಿ ಮಿಸ್ ಇಂಡಿಯಾ ಆದರು. 'ಅವಳು ನಮಗೆ ದೂರದಿಂದ ಸಂಬಂಧವೇ' ಎನ್ನಲು ಅಲ್ಲಿ ಮನೆಗೊಬ್ಬರು ಅಜ್ಜಿ ಸಿದ್ಧರಿರುತ್ತಾರೆ.

ಅವರು ಕೇಳಿದ್ದೇನು, ನೀವು ತೆಗೆಯಹೊರಟಿದ್ದೇನು

ಇಂಥ ಅರ್ಜಿಗಳು ಸಾಮಾನ್ಯವಾಗಿ ಕೇಳುವುದು ಮುಖದ ಕ್ಲೋಸಪ್, ಸೊಂಟದಿಂದ ಮೇಲಿನದು, ಅಡಿಯಿಂದ ಮುಡಿಯವರೆಗಿನದು. ಜೊತೆಗೆ ಒಂದಾದರೂ ಮೇಕಪ್ ಇಲ್ಲದ್ದು. ಹಿನ್ನೆಲೆ ಸರಳವಾಗಿರಬೇಕು, ಬಟ್ಟೆ ಮೈಗೆ ಹೊಂದುವಂತಿರಬೇಕು, ಕೂದಲು ಮುಖ ಮುಚ್ಚಬಾರದು. ಮಾಡೆಲಿಂಗ್ ಏಜೆನ್ಸಿಗಳ ಮಂದಿ ಇದಕ್ಕೆ ಡಿಜಿಟಲ್ಸ್ ಎನ್ನುತ್ತಾರೆ. ಹಿಂದೆ ಇದೇ ಕೆಲಸಕ್ಕೆ ಪೋಲರಾಯ್ಡ್ ಬಳಸುತ್ತಿದ್ದರು. ಆ ಫೋಟೊ ಕ್ಯಾಮೆರಾದಿಂದಲೇ ಹೊರಬರುತ್ತಿತ್ತು, ನಡುವೆ ಕೈಚಳಕ ತೋರಿಸಲು ಯಾರಿಗೂ ಜಾಗವಿರಲಿಲ್ಲ.

ಇಲ್ಲೇ ನಿಮ್ಮ ಅನುಭವ ನಿಮಗೆ ಶತ್ರುವಾಗುವುದು. ಮದುವೆ ಮನೆಯಲ್ಲಿ ನೀವು ಕಲಿತದ್ದೆಲ್ಲ ಕೂಡಿಸುವ ವಿದ್ಯೆ: ಒಂದು ಲೈಟು ಜಾಸ್ತಿ, ಒಂದು ಹೂವು ಜಾಸ್ತಿ, ಆಲ್ಬಮ್ಮಿನಲ್ಲಿ ಹಿಂದೆ ಸ್ವಿಟ್ಜರ್ಲೆಂಡಿನ ಗುಡ್ಡ. ಇಲ್ಲಿ ಬೇಕಾದದ್ದು ಕಳೆಯುವ ವಿದ್ಯೆ. ಅಕ್ಕಿ ಕೊಳ್ಳುವವನು ಚೀಲಕ್ಕೆ ಕೈಹಾಕಿ ಹಿಡಿಯಷ್ಟು ತೆಗೆದು ನೋಡುತ್ತಾನೆಯೇ ಹೊರತು ಚಿತ್ರಾನ್ನ ಮಾಡಿ ತೋರಿಸಿ ಎನ್ನುವುದಿಲ್ಲ. ಮೇಕಪ್ಪಿನವರು, ಬಟ್ಟೆಯವರು, ತಲೆ ಬಾಚುವವರು ಎಲ್ಲ ಆ ಕಡೆ ಸಾಲುಗಟ್ಟಿ ನಿಂತಿರುತ್ತಾರೆ. ಈ ಕಡೆಯಿಂದ ಹೋಗಬೇಕಾದದ್ದು ಹುಡುಗಿ ಹೇಗಿದ್ದಾಳೋ ಹಾಗೆ. ಕೇಳಲು ಸುಲಭ. ಒಂದು ತುಂಬು ಮನೆಯಲ್ಲಿ ಹುಡುಗಿಯೊಬ್ಬಳನ್ನು ಹೇಗಿದ್ದಾಳೋ ಹಾಗೆ ಬಿಟ್ಟು ನೋಡಿ, ಆಗ ಗೊತ್ತಾಗುತ್ತದೆ.

ಜಾಗ ಮತ್ತು ಬೆಳಕು

ಅಕ್ಕನ ಮನೆಯ ಹಾಲ್ ಗಿಣಿಹಸಿರು. ಗೃಹಪ್ರವೇಶದ ದಿನ ನೀವೂ ಅದನ್ನು ಹೊಗಳಿದ್ದೀರಿ. ಆದರೆ ಬೆಳಕು ಗೋಡೆಗೆ ಬಡಿದು ಹಿಂದಿರುಗುವಾಗ ಗೋಡೆಯ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ಅಲ್ಲಿ ನಿಲ್ಲಿಸಿ ತೆಗೆದರೆ ಹುಡುಗಿಯ ಕೆನ್ನೆಯ ಒಂದು ಪಕ್ಕ ಕಾಮಾಲೆ ಹಿಡಿದಂತೆ ಕಾಣುತ್ತದೆ. ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಇನ್ನೊಂದು ಪಕ್ಕವೂ ಕೆಡುತ್ತದೆ. ನಮ್ಮ ಕರೆಂಟು 50 ಹರ್ಟ್ಸಿನದು, ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಷಟರ್ ವೇಗ ಹೆಚ್ಚಿಟ್ಟರೆ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟೆ ಬರುವುದು ಅದಕ್ಕೇ. ಸೆಕೆಂಡಿನ 100ನೇ ಅಥವಾ 50ನೇ ಭಾಗಕ್ಕೆ ಇಟ್ಟುಕೊಂಡರೆ ಪಟ್ಟೆ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹಗಲಲ್ಲಿ ತೆಗೆಯುವುದು, ಮನೆಯ ಲೈಟೆಲ್ಲ ಆರಿಸುವುದು.

ತಾರಸಿಗೆ ಹೋಗಿ. ಮೆಟ್ಟಿಲ ರೂಮಿನ ಹೊರಗೋಡೆಗೆ ಸಾಮಾನ್ಯವಾಗಿ ಬರೀ ಬಿಳಿ ಬಳಿದಿರುತ್ತಾರೆ, ಖರ್ಚು ಉಳಿಸಲು. ಅದೇ ನಿಮ್ಮ ಸ್ಟುಡಿಯೊ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ, ಬಿಸಿಲು ಬೀಳದ ಪಕ್ಕದಲ್ಲಿ ನಿಲ್ಲಿಸಿ. ನಡುಮಧ್ಯಾಹ್ನದ ಬಿಸಿಲಲ್ಲಿ ಕಣ್ಣುಗುಡ್ಡೆ ಇರುವ ಜಾಗದಲ್ಲಿ ಎರಡು ಕಪ್ಪು ಗುಳಿ ಮಾತ್ರ ಕಾಣುತ್ತವೆ. ಮೋಡ ಕವಿದಿದ್ದರೆ ಬೇಸರ ಬೇಡ, ಆಕಾಶವೇ ಆಗ ದೊಡ್ಡದೊಂದು ಸಾಫ್ಟ್‌ಬಾಕ್ಸ್. ಮಲೆನಾಡಿನವರು ಈ ಒಂದು ವಿಷಯದಲ್ಲಿ ಪುಣ್ಯವಂತರು. ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ, ಕರೀ ನೀರಿನ ಟ್ಯಾಂಕು, ಪಕ್ಕದ ಮನೆಯ ಒಗೆದ ಬಟ್ಟೆ ಇವೆಲ್ಲ ಚೌಕಟ್ಟಿನಾಚೆ ಉಳಿದಿವೆಯೇ ಎಂದು ಮೂಲೆಮೂಲೆ ನೋಡಿಕೊಳ್ಳಿ. ನೋಡಿಕೊಂಡರೂ ಒಂದು ಕ್ಲಿಪ್ಪು ಉಳಿದೇ ಇರುತ್ತದೆ.

ಮಳೆ ಬಂದು ಒಳಗೇ ತೆಗೆಯಬೇಕಾಯಿತು ಅನ್ನಿ. ಕಿಟಕಿ ಪಕ್ಕ ನಿಲ್ಲಿಸಿ. ಬಿಸಿಲು ನೇರ ಬರುತ್ತಿದ್ದರೆ ಕಿಟಕಿಗೆ ಭಾವನವರ ಬಿಳಿ ಪಂಚೆ ಕಟ್ಟಿ. ಒಗೆದ ಹತ್ತಿ ಪಂಚೆ ಬೆಳಕನ್ನು ಸೋಸುವಷ್ಟು ಹದವಾಗಿ ದುಡ್ಡು ಕೊಟ್ಟು ತಂದ ಸಾಮಾನೂ ಸೋಸುವುದಿಲ್ಲ. ಕಿಟಕಿಯ ಎದುರು ಬದಿಯಲ್ಲಿ, ಮುಖದ ನೆರಳಿರುವ ಕಡೆ, ಗಣೇಶನ ಹಬ್ಬಕ್ಕೆ ತಂದು ಉಳಿದ ಥರ್ಮೊಕೋಲ್ ಶೀಟು ಹಿಡಿಯಲು ಒಬ್ಬರು ಬೇಕು. ಭಾವನವರಿಗೇ ವಹಿಸಿ. 'ಇನ್ನೊಂಚೂರು ಮೇಲೆ ಹಿಡೀರಿ ಭಾವ' ಎಂದು ಹೇಳುವ ಅವಕಾಶ ಜೀವಮಾನದಲ್ಲಿ ಮತ್ತೆ ಸಿಗುವುದಿಲ್ಲ. ಕಣ್ಣಿನಲ್ಲಿ ಕಿಟಕಿಯ ಸಣ್ಣ ಬಿಳಿ ಚುಕ್ಕೆ ಮೂಡಿತೆಂದರೆ ಬೆಳಕು ಸರಿಯಾಯಿತು.

ದೂರ

ಫೋನಿನಲ್ಲಿ ತೆಗೆಯುವವರಿಗೆ ಒಂದೇ ಸೂತ್ರ: ಹಿಂದೆ ಹೋಗಿ. ಫೋನಿನ ಮುಖ್ಯ ಲೆನ್ಸು ಅಗಲ ನೋಟದ್ದು, ಸುಮಾರು 24–26 ಎಂ.ಎಂ. ಲೆಕ್ಕದ್ದು. ಮುಖ ತುಂಬಲಿ ಎಂದು ಒಂದೂವರೆ ಅಡಿಗೆ ಹೋದರೆ ಕಿವಿಗಿಂತ ಮೂಗು ಲೆನ್ಸಿಗೆ ಎಷ್ಟೋ ಹತ್ತಿರವಾಗಿ, ಮನೆತನದಲ್ಲೇ ಇಲ್ಲದ ಮೂಗೊಂದು ಹುಟ್ಟುತ್ತದೆ. ಆರಡಿ ಹಿಂದೆ ಸರಿದು 2 ಅಥವಾ 3 ಎಕ್ಸ್ ಒತ್ತಿ. ಕ್ಯಾಮೆರಾ ಇದ್ದರೆ 85 ಎಂ.ಎಂ., ಇಲ್ಲವೇ ಬೀರುವಿನಲ್ಲಿ ಬಿದ್ದಿರುವ ಆ 50 ಎಂ.ಎಂ. ಸಾಕು. ಅಡಿಯಿಂದ ಮುಡಿಯವರೆಗಿನ ಚಿತ್ರಕ್ಕೆ ನಿಂತು ತೆಗೆಯಬೇಡಿ, ಕ್ಯಾಮೆರಾ ಅವಳ ಸೊಂಟದ ಮಟ್ಟಕ್ಕೆ ಬರುವಂತೆ ಮಂಡಿಯೂರಿ. ನಿಮ್ಮ ಕಣ್ಣಿನ ಎತ್ತರದಿಂದ ಹತ್ತಿರ ನಿಂತು ತೆಗೆದರೆ ತಲೆ ದೊಡ್ಡದಾಗಿ ಕಾಲು ಗಿಡ್ಡವಾಗುತ್ತವೆ, ಅವಳ ಎತ್ತರವೆಲ್ಲ ವ್ಯರ್ಥ. ಮಣಿಕಟ್ಟು, ಮೊಣಕಾಲು, ಪಾದದ ಗಂಟು ಹೀಗೆ ಕೀಲಿರುವ ಕಡೆ ಚಿತ್ರ ಕತ್ತರಿಸಬೇಡಿ. ಪಾದದ ಕೆಳಗೆ ಎರಡು ಬೆರಳು ನೆಲ ಬಿಡಿ.

ಮಂಡಿಯೂರಿದವರು ಏಳುವಾಗ ಥರ್ಮೊಕೋಲ್ ಹಿಡಿದವರ ಸಹಾಯ ಪಡೆಯುವುದು.

ಸುತ್ತಲಿನವರ ನಿರ್ವಹಣೆ

ಎಲ್ಲ ತಾಂತ್ರಿಕ ದೋಷಗಳಿಗೂ ಪರಿಹಾರವಿದೆ, ಇದೊಂದಕ್ಕೆ ಇಲ್ಲ. ನೀವು ಫೋಕಸ್ ಮಾಡುವ ಹೊತ್ತಿಗೆ ಅಕ್ಕ ಬಾಚಣಿಗೆ ಹಿಡಿದು ನುಗ್ಗುತ್ತಾರೆ. 'ಹಣೆ ಬರೀದು ಬಿಡ್ತಾರೇನೋ? ಚಿಕ್ಕದೊಂದು ಸ್ಟಿಕ್ಕರ್ ಆದ್ರೂ ಇಡೇ.' ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದಿರುತ್ತಾರೆ. ನಿಮ್ಮ ಮನೆಯಾಕೆ, 'ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ' ಎಂದು ಮೆಲ್ಲಗೆ ಹೇಳುತ್ತಾರೆ. ಅಕ್ಕನ ಮೂಲ ಉದ್ದೇಶ ಬೇರೆಯೇ ಇದೆ: ಹೇಗೂ ತೆಗೀತಿದ್ದೀಯ, ಒಂದು ರೇಷ್ಮೆ ಸೀರೆಯದ್ದೂ ತೆಗೆದುಬಿಡು, ಜಾತಕದ ಜೊತೆ ಕೊಡೋಕಾಗುತ್ತೆ.

ಇದಕ್ಕೆ ಒಪ್ಪಿಕೊಳ್ಳಿ, ಹುಡುಗಿಯೂ ಒಪ್ಪಿದರೆ. ಆದರೆ ಮೊದಲು ಸ್ಪರ್ಧೆಯದ್ದು, ಆಮೇಲೆ ಸೀರೆಯದ್ದು. ಈ ಕ್ರಮ ತಪ್ಪಿದರೆ ಮಲ್ಲಿಗೆ ಮುಡಿಯಿಂದ ಇಳಿಯುವುದಿಲ್ಲ, ಕಾಡಿಗೆ ಕಣ್ಣಿಂದ ಇಳಿಯುವುದಿಲ್ಲ, ಹೊತ್ತೂ ಇಳಿದುಹೋಗಿರುತ್ತದೆ.

ಬೆಳ್ಳಗೆ ಮಾಡುವ ವಿಷಯಕ್ಕೆ ಒಪ್ಪಬೇಡಿ. ಫೋನಿನ ಬ್ಯೂಟಿ ಮೋಡ್ ಹೇಳದೆ ಕೇಳದೆ ಚರ್ಮ ನುಣುಪು ಮಾಡಿ, ಬಣ್ಣ ಎರಡು ಮೆಟ್ಟಿಲು ಏರಿಸಿ, ಗಲ್ಲ ಸವರಿ ಚೂಪು ಮಾಡುತ್ತದೆ. ಮೊದಲು ಅದನ್ನು ಆಫ್ ಮಾಡಿ. ಹಿಂದಿನ ಸ್ಟುಡಿಯೊದವರು ನೆಗೆಟಿವ್ ಮೇಲೆ ಸೀಸದಕಡ್ಡಿ ಆಡಿಸಿ ಮೊಡವೆ ಅಳಿಸುತ್ತಿದ್ದರು, ಅದಕ್ಕೊಂದು ನಾಚಿಕೆಯ ಮಿತಿಯಿತ್ತು. 2020ರಲ್ಲಿ ಆ ಪ್ರಸಿದ್ಧ ಕ್ರೀಮಿನವರೇ ಹೆಸರಿನಿಂದ 'ಫೇರ್' ಕಿತ್ತು 'ಗ್ಲೋ' ಅಂಟಿಸಿದರು. ನಮ್ಮ ಫೋನುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇಲ್ಲಿ ಇನ್ನೊಂದು ಮಾತಿದೆ. ಕ್ಯಾಮೆರಾದ ಮೀಟರು ಎದುರಿಗಿರುವುದೆಲ್ಲ ನಡು ಬೂದು ಎಂದು ನಂಬಿ ಲೆಕ್ಕ ಹಾಕುತ್ತದೆ. ಬಿಳಿ ಗೋಡೆ ಕಂಡರೆ 'ಬೆಳಕು ಜಾಸ್ತಿಯಾಯಿತು' ಎಂದು ಇಳಿಸಿಬಿಡುತ್ತದೆ, ಅದರ ಮುಂದೆ ನಿಂತ ಎಣ್ಣೆಗೆಂಪು ಮೈಬಣ್ಣದ ಹುಡುಗಿ ಇದ್ದದ್ದಕ್ಕಿಂತ ಕಪ್ಪಾಗುತ್ತಾಳೆ. ಮನೆಯವರು ಕಂಗಾಲಾಗುವುದು ಆಗಲೇ. ಎಕ್ಸ್‌ಪೋಷರ್ ಅರ್ಧ, ಮುಕ್ಕಾಲು ಸ್ಟಾಪ್ ಏರಿಸಿ. ಅವಳ ಬಣ್ಣ ಅವಳಿಗೆ ವಾಪಸು ಬರುತ್ತದೆ. ಅದು ಬೆಳ್ಳಗೆ ಮಾಡುವುದಲ್ಲ, ಯಂತ್ರದ ತಪ್ಪನ್ನು ತಿದ್ದುವುದು.

ಹುಡುಗಿ

ಕೈಪಿಡಿಯ ಇಷ್ಟು ಪುಟ ಆದ ಮೇಲೆ ಅವಳ ಸರದಿ ಬರುತ್ತಿದೆ ಎಂದರೆ ತಿಳಿಯಿತಲ್ಲ, ಮನೆಯಲ್ಲಿ ನಡೆಯುವುದೂ ಹೀಗೆಯೇ.

'ಸ್ಮೈಲ್ ಪ್ಲೀಸ್' ಎನ್ನಬೇಡಿ. ಎಂದರೆ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಮುಖ ಬರುತ್ತದೆ. ಯಾವ ಲೆಕ್ಚರರ್ ಹೇಗೆ ನಡೆಯುತ್ತಾರೆ ತೋರಿಸು ಎನ್ನಿ, ತೋರಿಸಿ ನಕ್ಕು ನಿಂತ ಮರುಕ್ಷಣದ್ದು ತೆಗೆಯಿರಿ. ಗಲ್ಲ ಸ್ವಲ್ಪ ಮುಂದೆ, ಸ್ವಲ್ಪ ಕೆಳಗೆ. ಭಾರ ಹಿಂದಿನ ಕಾಲಿನ ಮೇಲೆ. ಭುಜ ಸಡಿಲ. ಇಪ್ಪತ್ತು ವರ್ಷ 'ಬಗ್ಗಿ ನಡಿ, ಎದೆ ಸೆಟೆಸಬೇಡ' ಎಂದು ಕೇಳಿ ಬೆಳೆದ ಹುಡುಗಿಗೆ ಈ ದಿನ 'ನೆಟ್ಟಗೆ ನಿಲ್ಲು' ಎನ್ನುತ್ತಿದ್ದೇವೆ. ಬೆನ್ನು ನೆಟ್ಟಗಾಗಲು ಹೊತ್ತು ಬೇಕು, ಗಡಿಯಾರ ನೋಡಬೇಡಿ. ಮಾಮನ ಎದುರು ಪೋಸು ಕೊಡಲು ನಾಚಿಕೆಯಾದರೆ ಅವಳ ಗೆಳತಿಯೊಬ್ಬಳನ್ನು ಕರೆಸಿ, ಅಕ್ಕನನ್ನು ಕಾಫಿ ಮಾಡಲು ಕೆಳಗೆ ಕಳಿಸಿ. ಬಟ್ಟೆ ಯಾವುದು, ಕಳಿಸುವ ಫೋಟೊ ಯಾವುದು, ಎರಡನ್ನೂ ಅವಳೇ ಆರಿಸಲಿ. ನಿಮಗೆ ತುಂಬ ಇಷ್ಟವಾದದ್ದನ್ನು ಅವಳು ಬೇಡ ಎನ್ನುತ್ತಾಳೆ. ಅದು ಸಾಮಾನ್ಯ ಲಕ್ಷಣ, ದುರಸ್ತಿ ಬೇಕಿಲ್ಲ.

ಎತ್ತರ ಬರೆಯುವಾಗ ಹೀಲ್ಸ್ ಬಿಚ್ಚಿಸಿ ಬಾಗಿಲ ಪಕ್ಕ ನಿಲ್ಲಿಸಿ ಪೆನ್ಸಿಲ್ಲಿನ ಗೆರೆ ಹಾಕಿ ಅಳೆಯಿರಿ. ಅರ್ಜಿಯಲ್ಲಿ ಏರಿಸಿದ ಒಂದಿಂಚನ್ನು ಆಡಿಷನ್ನಿನ ಅಳತೆಕೋಲು ಎಲ್ಲರೆದುರು ಇಳಿಸುತ್ತದೆ.

ಕಳಿಸುವುದು, ಮತ್ತು ಮುಖ್ಯ ಎಚ್ಚರಿಕೆಗಳು

ತೆಗೆದದ್ದನ್ನು ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಫೈಲಿನ ಹೆಸರು ಅವಳ ಹೆಸರೇ ಇರಲಿ. ನಿಮ್ಮ ಸ್ಟುಡಿಯೊದ ಹೂಬಳ್ಳಿಯ ವಾಟರ್‌ಮಾರ್ಕ್ ಈ ಸಲ ಬೇಡ. ಕೊನೆಯ ದಿನದ ಮಧ್ಯರಾತ್ರಿಯವರೆಗೆ ಕಾಯಬೇಡಿ, ಆ ಹೊತ್ತಿಗೆ ಸುತ್ತುವ ಚಕ್ರ ಬಿಟ್ಟರೆ ತೆರೆಯ ಮೇಲೆ ಬೇರೇನೂ ಬರುವುದಿಲ್ಲ.

ಅರ್ಜಿ ಹಾಕಿದ ಮೇಲೆ, ಕೆಲವೊಮ್ಮೆ ಹಾಕುವ ಮೊದಲೇ, ಯಾರೋ ಫೋನು ಮಾಡಿ ಪೋರ್ಟ್‌ಫೋಲಿಯೊ ಮಾಡಿಸಿಕೊಡುತ್ತೇವೆ, ಇಷ್ಟು ಕಟ್ಟಿದರೆ ಸೆಲೆಕ್ಷನ್ ಗ್ಯಾರಂಟಿ ಎನ್ನಬಹುದು. 'ಬೇರೆ ಥರದ' ಫೋಟೊ ಕಳಿಸಿ ಎಂದೂ ಕೇಳಬಹುದು. ಇದು ತಮಾಷೆಯ ವಿಷಯವಲ್ಲ. ಸ್ಪರ್ಧೆಯ ಅಧಿಕೃತ ಜಾಲತಾಣದಲ್ಲಿ ಇಲ್ಲದ ಯಾವ ಬೇಡಿಕೆಗೂ ಹಣವನ್ನಾಗಲಿ ಫೋಟೊವನ್ನಾಗಲಿ ಕೊಡಬೇಡಿ. ನಂಬರು ಬ್ಲಾಕ್ ಮಾಡಿ, ಹೆದರಿಸಿದರೆ 1930ಕ್ಕೆ ಕರೆ ಮಾಡಿ ಸೈಬರ್ ಪೊಲೀಸರಿಗೆ ದೂರು ಕೊಡಿ. ಹುಡುಗಿಯ ಮೇಲೆ ರೇಗಬೇಡಿ.

ಕೊನೆಯದಾಗಿ, ತೆಗೆದ ಅಷ್ಟೂ ಫೋಟೊಗಳನ್ನು, ಚೆನ್ನಾಗಿ ಬಂದದ್ದು ಬಾರದ್ದು ಎಲ್ಲ, ಪೆನ್‌ಡ್ರೈವಿಗೆ ಹಾಕಿ ಅವಳ ಕೈಗೇ ಕೊಡಿ, ಅವಳು ಅಳಿಸು ಎಂದವನ್ನು ನಿಮ್ಮ ಕಾರ್ಡಿನಿಂದ ಅಳಿಸಿ. ಸ್ಟೇಟಸ್ಸಿಗೆ ಹಾಕಿಕೊಳ್ಳುವ ಆಸೆ ನಿಮಗಿರುತ್ತದೆ, ಗೊತ್ತು. ಅವಳನ್ನು ಒಂದು ಮಾತು ಕೇಳಿ ಹಾಕಿ.