ಭೀಮಭೋಜನ ಸಿದ್ಧಾಂತ: ಕೊಲೆಚಿತ್ರ ವೀಕ್ಷಣೆಯಲ್ಲಿ ಕಡಲೆಕಾಯಿಯ ಸ್ಥಾನ

ಕಾದಂಬರಿಯಿಂದ ತೆರೆಗೆ ಬಂದ ರಕ್ತಸಿಕ್ತ ಚಿತ್ರವನ್ನು ಜನ ದುಡ್ಡು ಕೊಟ್ಟು ಏಕೆ ನೋಡುತ್ತಾರೆ ಎಂಬ ಪ್ರಶ್ನೆಗೆ ಅರಿಸ್ಟಾಟಲನ ಕಡೆಯವರು ಭಯ, ಕರುಣೆ, ಭಾವಶುದ್ಧಿ ಎನ್ನುತ್ತಾರೆ. ನಮ್ಮ ಆಲಂಕಾರಿಕರು ಭಯಾನಕ, ಬೀಭತ್ಸ ಎಂದು ಎರಡು ರಸ ಹಂಚಿ ಕೈತೊಳೆದುಕೊಂಡರು. ಇಬ್ಬರೂ ಪ್ರೇಕ್ಷಕನ ಹೃದಯವನ್ನು ತಡವಿದರೇ ಹೊರತು ಅವನ ಮಡಿಲಲ್ಲಿದ್ದ ಕಡಲೆಕಾಯಿ ಪೊಟ್ಟಣವನ್ನು ಬಿಚ್ಚಿ ನೋಡಲಿಲ್ಲ. ಪ್ರಸ್ತುತ ಪ್ರಬಂಧದ ಪ್ರತಿಪಾದನೆ ಇಷ್ಟು: ಇಂಥ ಚಿತ್ರಗಳಲ್ಲಿ ಪ್ರಧಾನ ಕ್ರಿಯೆ ತಿನ್ನುವುದು, ನೋಡುವುದು ನೆಂಚಿಕೊಳ್ಳಲಿಕ್ಕೆ. ಇದಕ್ಕೆ ಬೇಕಾದ ಆಕರಗಳೆಲ್ಲ ಚಿಕ್ಕಬಳ್ಳಾಪುರ ಜಿಲ್ಲೆಯೊಂದರಲ್ಲೇ ಸಿಗುತ್ತವೆ. 2007ರಲ್ಲಿ ಕೋಲಾರದಿಂದ ಅದನ್ನು ಬೇರ್ಪಡಿಸಿದ್ದು ಆಡಳಿತದ ಅನುಕೂಲಕ್ಕಂತೆ. ಸಂಶೋಧನೆಗೂ ಅನುಕೂಲವೇ ಆಯಿತು.

ಮೊದಲ ಆಕರ ಚಿಂತಾಮಣಿ ತಾಲ್ಲೂಕಿನ ಕೈವಾರ. ಇದೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಭೀಮಲಿಂಗೇಶ್ವರನ ಗುಡಿಯೂ ಇದೆ. ಆದಿಪರ್ವದ ಕಥೆಯನ್ನು ಪೊಲೀಸ್ ಮಹಜರಿನಂತೆ ಓದಿಕೊಳ್ಳಿ. ಊರಿಗೆ ಊರೇ ಬಾಯಿಮುಚ್ಚಿಕೊಂಡು ಸರದಿಯ ಮೇಲೆ ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯನನ್ನು ಕಳಿಸುತ್ತಿದೆ. ವೇಷ ಮರೆಸಿಕೊಂಡ ನಾಯಕ ಬಂಡಿಯೊಂದಿಗೆ ಹೋಗಿ, ಹೋದವನೇ ಊಟಕ್ಕೆ ಕೂರುತ್ತಾನೆ. ಖಳನಾಯಕ ಹಿಂದಿನಿಂದ ಎರಡೂ ಕೈಯಲ್ಲಿ ಬೆನ್ನಿಗೆ ಗುದ್ದುತ್ತಾನೆ. ನಾಯಕ ತಿರುಗಿಯೂ ನೋಡದೆ ಉಣ್ಣುತ್ತಾನೆ. ಊಟ ಮುಗಿದ ಮೇಲೆಯೇ ಬೆನ್ನುಮೂಳೆ ಮುರಿಯುವ ದೃಶ್ಯ. ಆಮೇಲೆ ಹೆಣವನ್ನು ಊರಬಾಗಿಲಿಗೆ ಎಳೆದು ಹಾಕಿ ಯಾರ ಕಣ್ಣಿಗೂ ಬೀಳದೆ ಮನೆ ಸೇರುತ್ತಾನೆ. ಬೆಳಗ್ಗೆ ಜನ ಅಂದು ಯಾರ ಸರದಿಯೆಂದು ಲೆಕ್ಕಹಾಕಿ ಆ ಬ್ರಾಹ್ಮಣನನ್ನು ವಿಚಾರಿಸಿದರೆ, ಅವನು ಯಾರೋ ಮಂತ್ರಸಿದ್ಧನ ಕಡೆ ಕೈತೋರಿಸುತ್ತಾನೆ. ತನಿಖೆ ಅಲ್ಲಿಗೇ ಮುಕ್ತಾಯ. ಇಷ್ಟು ಬಿಗಿಯಾದ ಚಿತ್ರಕಥೆಯಲ್ಲಿ ವ್ಯಾಸರು ಊಟದ ದೃಶ್ಯಕ್ಕೆ ಕತ್ತರಿ ಹಾಕಲಿಲ್ಲವೆಂದರೆ ಅದರ ತೂಕ ತಿಳಿಯಬೇಕು.

ಎರಡನೆಯ ಆಕರ ನಂದಿಬೆಟ್ಟ. ಅಪರಾಧಿಗಳನ್ನು ತಳ್ಳುತ್ತಿದ್ದರೆಂದು ಹೇಳುವ ಟಿಪ್ಪು ಡ್ರಾಪ್‌ನ ಅಂಚಿನಲ್ಲಿ ಪ್ರವಾಸಿಗರು ಉಪ್ಪು-ಖಾರ ಹಚ್ಚಿದ ಸೌತೆಕಾಯಿ ಕಚ್ಚುತ್ತ ಪ್ರಪಾತ ನೋಡುತ್ತಾರೆ. ಕೋತಿಗಳು ಪ್ರಪಾತದ ಗೊಡವೆಗೆ ಹೋಗದೆ ನೇರವಾಗಿ ಸೌತೆಕಾಯಿಗೇ ಕೈಹಾಕುತ್ತವೆ. ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ, ಶಿಡ್ಲಘಟ್ಟದ್ದು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ರೇಷ್ಮೆಹುಳು ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕೊನೆಯ ವಾರದಲ್ಲೇ ಮೇಯುತ್ತದೆ. ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದಂತೆ ಹುಳುಮನೆಯೆಲ್ಲ ಕೇಳುತ್ತದೆ. ಹಣ್ಣಾದ ಹುಳು ಚಂದ್ರಿಕೆಯೆಂಬ ಗೂಡುತಟ್ಟೆಯ ಮೇಲೆ ಸಾವಿರ ಮೀಟರಿನಷ್ಟು ಎಳೆ ಸುತ್ತಿಕೊಂಡು ಒಳಗೆ ಕೂರುತ್ತದೆ. ಗೂಡು ಮಾರುಕಟ್ಟೆಯಲ್ಲಿ ಹರಾಜಾಗಿ ರೀಲರನ ಬಿಸಿನೀರಿಗೆ ಬೀಳುತ್ತದೆ. ಪತ್ತೇದಾರಿ ಲೇಖಕರು ತಿಣುಕಾಡುವ ಮುಚ್ಚಿದ ಕೋಣೆಯ ಕೊಲೆ ಇದೇ ಅಲ್ಲವೆ, ಅದೂ ಹಿನ್ನೆಲೆ ಸಂಗೀತವಿಲ್ಲದೆ? ಕೈವಾರದಲ್ಲಿ ತಿಂದವನು ಕೊಂದ, ಶಿಡ್ಲಘಟ್ಟದಲ್ಲಿ ತಿಂದವನೇ ಹತನಾದ. ಎರಡೂ ಕಡೆ ಊಟ ಮೊದಲು.

ಆಕ್ಷೇಪಗಳಲ್ಲಿ ಹೆದರಬೇಕಾದದ್ದು ಗೌರಿಬಿದನೂರಿನದು. ಆ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದವರು. ಬಕನ ಮೂಳೆ ಎಲ್ಲಿ, ಬಂಗಾಳದ ಬೀರಭೂಮ್‌ನಲ್ಲೂ ಒಂದು ಏಕಚಕ್ರ ಇದೆಯಲ್ಲ ಎಂದು ಅವರ ಶಿಷ್ಯರು ಕೇಳಿದರೆ ಉತ್ತರ ಸುಲಭ: ಕೊಲೆ ಎಲ್ಲೇ ನಡೆದಿರಲಿ, ಚಿಂತಾಮಣಿ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುವುದು ಪವಾಡವಲ್ಲ. ಇನ್ನು ಸಿನಿಮಾಕ್ಕಿಂತ ಕಾದಂಬರಿಯೇ ಚೆನ್ನಾಗಿತ್ತು ಎನ್ನುವವರು. ಇರಬಹುದು, ಆದರೆ ಪುಸ್ತಕ ಹಿಡಿದವನಿಗೆ ಸಿಪ್ಪೆ ಬಿಡಿಸಲು ಕೈಯೆಲ್ಲಿ? ಕಾದಂಬರಿ ಚಿತ್ರವಾಗುವುದು ಎರಡೂ ಕೈಗಳ ಬಿಡುಗಡೆಗಾಗಿ. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಟಿ.ಕೆ. ರಾಮರಾಯರ ಕೃತಿಯಿಂದ ಬಂದು ಅತಿ ಹೆಚ್ಚು ಓಡಿದ ಚಿತ್ರ 1972ರ 'ಬಂಗಾರದ ಮನುಷ್ಯ', ಅಂದರೆ ಬೇಸಾಯದ ಕಥೆ. ಕೊಲೆಗಿಂತ ಕಾಳೇ ಮೇಲೆಂದು ಪ್ರೇಕ್ಷಕರು ಆಗಲೇ ತೀರ್ಪಿತ್ತಿದ್ದಾರೆ. ಮೊಬೈಲಿನಲ್ಲಿ ನೋಡುವವನ ಒಂದು ಕೈ ಫೋನಿಗೇ ಮೀಸಲು. ಅವನು ಅರ್ಧ ಪ್ರೇಕ್ಷಕ, ಬಿಡಿ.

ನಿಜವಾಗಿ ಕಾಡುವ ಆಕ್ಷೇಪ ಒಂದಿದೆ. ಅಗ್ನಿ ಶ್ರೀಧರ್ ಅವರ 'ಎದೆಗಾರಿಕೆ' ಕಾದಂಬರಿಯನ್ನು ಸುಮನಾ ಕಿತ್ತೂರು 2012ರಲ್ಲಿ ತೆರೆಗೆ ತಂದರು. ಕೊಲ್ಲಬೇಕಾದವನ ಜೊತೆಯಲ್ಲೇ ಕಾಲ ಕಳೆಯುವ ಕಥೆ ಅದು. ಸಾಯಬೇಕಾದವನಿಗೂ ಅದು ಗೊತ್ತು. ಕತ್ತಿ ಝಳಪಿಸುವ ಚಿತ್ರದಲ್ಲಿ ಬಾಯಿ ಆಡುತ್ತಲೇ ಇರುತ್ತದೆ, ಇಂಥ ಕಾಯುವಿಕೆಯಲ್ಲಿ ಮಾತ್ರ ಕೈ ಪೊಟ್ಟಣಕ್ಕೂ ಬಾಯಿಗೂ ನಡುವೆ ನಿಂತುಬಿಡುತ್ತದೆ. ಹಾಗಾದರೆ ಸಿದ್ಧಾಂತ ಬಿತ್ತೆ? ಬೀಳಲಿಲ್ಲ, ಅದಕ್ಕೊಂದು ಅಳತೆಗೋಲು ಸಿಕ್ಕಿತು. ವಿಮರ್ಶಕರು ನಕ್ಷತ್ರ ಹಂಚುವುದನ್ನು ಬಿಟ್ಟು, ಆಟ ಮುಗಿದ ಮೇಲೆ ಕಸಗುಡಿಸುವವರಿಗೆ ಸಿಗುವ ಇಡೀ ಕಡಲೆಕಾಯಿಗಳನ್ನು ತೂಗಲಿ. ಉಳಿದಷ್ಟೂ ಚಿತ್ರ ಉತ್ತಮ, ಬರೀ ಸಿಪ್ಪೆ ಸಿಕ್ಕರೆ ಚಿತ್ರ ಜೊಳ್ಳು.

ಇಂಥವನ್ನು ನೋಡಿ ಹುಡುಗರು ಕೆಡುತ್ತಾರೆ ಎಂಬ ಕಳವಳಕ್ಕೆ ಸರ್ಕಾರ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಕೊಟ್ಟು ಸುಮ್ಮನಾಗಿದೆ. ಅದು ನೋಡುಗನ ವಯಸ್ಸು ಕೇಳುತ್ತದೆ, ಹೊಟ್ಟೆ ತುಂಬಿದೆಯೇ ಎಂದು ಕೇಳುವುದಿಲ್ಲ. ಆದ್ದರಿಂದ ಸೆನ್ಸಾರ್ ಮಂಡಳಿಯವರಲ್ಲಿ ವಿನಂತಿ: ಧೂಮಪಾನದ ಎಚ್ಚರಿಕೆಯ ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿಸಿ. ಈ ಚಿತ್ರದ ಮೊದಲ ಕೊಲೆ ಮಧ್ಯಂತರಕ್ಕೆ ಮುಂಚೆಯೇ ಇದೆ. ತಿಂಡಿ ಕೊಂಡವರು ಮಾತ್ರ ಒಳಗೆ ಬನ್ನಿ.