ಯಾರಿಗೂ ಟೋಪಿ ಹಾಕದ ಟೋಪಿ

ಟ್ರೆಡ್‌ಮಿಲ್ಲಿನ ಹಿಡಿಕೆಗೆ ನೇತುಬಿದ್ದಿದ್ದ ಟೋಪಿ ಆಗಲೇ ಒಂದು ತಲೆ ಮುಗಿಸಿ ಬೆವರು ಆರಿಸಿಕೊಳ್ಳುತ್ತಿತ್ತು. ಮೈತುಂಬ ಗುಂಡಿಗಳು, ಗುಂಡಿಗೊಂದು ತಂತಿ. ಎಫ್‌ಎನ್‌ಐಆರ್‌ಎಸ್ ಎಂಬುದು ಅದರ ದಾಖಲೆಯ ಹೆಸರು. ಅವಕೆಂಪು ಬೆಳಕು ಬಿಟ್ಟು ಮೆದುಳಿನ ಚಟುವಟಿಕೆ ಅಳೆಯುವುದು ಕಸುಬು.

ಸಂದರ್ಶಕರು ಪೀಠಿಕೆಯಿಲ್ಲದೆ ಕೇಳಿದರು: ಮನಸ್ಸನ್ನು ಓದುತ್ತೀರಂತೆ?

"ಅದು ಕರಪತ್ರ ಬರೆಯುವವರ ಮಾತು. ನಾನು ನೋಡುವುದು ರಕ್ತವನ್ನು. 650ರಿಂದ 900 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಚರ್ಮ, ಮೂಳೆ ಅಷ್ಟಾಗಿ ತಡೆಯುವುದಿಲ್ಲ. ಒಂದು ಗುಂಡಿಯಿಂದ ಒಳಗೆ ಬಿಟ್ಟ ಬೆಳಕು ಚದುರಿ, ಬಾಳೆಹಣ್ಣಿನಂತೆ ಬಾಗಿದ ದಾರಿ ಹಿಡಿದು, ಸುಮಾರು 3 ಸೆಂಟಿಮೀಟರ್ ದೂರದ ಇನ್ನೊಂದು ಗುಂಡಿಗೆ ಚೂರುಪಾರು ಮರಳುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ನುಂಗುವ ಬೆಳಕು ಬೇರೆ, ಇಳಿಸಿ ಬಂದದ್ದು ನುಂಗುವ ಬೆಳಕು ಬೇರೆ. ಎಷ್ಟು ಕಾಣೆಯಾಯಿತು ಅಂತ ಲೆಕ್ಕ ಹಾಕುತ್ತೇನೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡಿರಲ್ಲ ಆಕ್ಸಿಮೀಟರ್, ಅದು ನಮ್ಮ ದಾಯಾದಿ. ಅದು ಮನೆಮನೆ ಸೇರಿತು, ನಾನಿನ್ನೂ ಲ್ಯಾಬಿನಲ್ಲೇ ಇದ್ದೇನೆ."

ದಾಯಾದಿ ಮತ್ಸರ ಟೋಪಿಗಳನ್ನೂ ಬಿಟ್ಟಿಲ್ಲ.

ವಂಶವೇನೋ ದೊಡ್ಡದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ 1977ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ದಾರಿ ತೋರಿಸಿದರು. 1993ರ ಹೊತ್ತಿಗೆ ಹಲವು ಪ್ರಯೋಗಾಲಯಗಳು ಅದನ್ನು ಮೆದುಳಿನ ಕೆಲಸ ಅಳೆಯಲು ಬಳಸಿದವು.

ಎಂಆರ್‌ಐ ಇರುವಾಗ ನೀವೇಕೆ ಎಂದಾಗ ಟೋಪಿಯ ದನಿ ಏರಿತು. "ಆ ದೊಡ್ಡವರು ಮಲಗಿಸಿ, ತಲೆ ಅಲುಗಾಡಿಸಬೇಡಿ ಅಂತಾರೆ. ನಡೆಯುವಾಗ ಮೆದುಳು ಏನು ಮಾಡುತ್ತದೆ ಅಂತ ತಿಳಿಯಲು ಮಲಗಬೇಕೆ? 2001ರಲ್ಲಿ ಜಪಾನಿನ ಮಿಯಾಯಿ ಮತ್ತವರ ಸಂಗಡಿಗರು ಜನರನ್ನು ಟ್ರೆಡ್‌ಮಿಲ್ಲಿನ ಮೇಲೆ ನಡೆಸಿಯೇ ನೋಡಿದರು. ನಡಿಗೆ ಬರೀ ಕಾಲಿನ ಕೆಲಸವಲ್ಲ, ಮೆದುಳಿನ ತೊಗಟೆಗೂ ಅದರಲ್ಲಿ ಪಾಲುಂಟು ಅಂತ ಕಂಡಿತು."

ಮಾತು ವೃದ್ಧರ ನಡಿಗೆಗೆ ಹೊರಳಿತು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಸರಳ ಸಂಗತಿ ಗಮನಿಸಿದ್ದರು. ವೃದ್ಧರ ಜೊತೆ ನಡೆಯುತ್ತಾ ಮಾತು ತೆಗೆದರೆ ಕೆಲವರು ತಟ್ಟನೆ ನಿಂತುಬಿಡುತ್ತಿದ್ದರು. ಹಾಗೆ ನಿಂತ 12 ಮಂದಿಯಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. ಇದಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ ಎಂದು ಸಂದರ್ಶಕರು ಚುಚ್ಚಿದರು.

"ಬಿದ್ದದ್ದು ಅವರಿಗೆ ಗೊತ್ತಾಯಿತು, ಸರಿ. ಒಳಗೆ ಏನಾಗುತ್ತದೆ ಅಂತ ನೋಡಲು 2011ರಲ್ಲಿ ನ್ಯೂಯಾರ್ಕಿನಲ್ಲಿ ಹೋಲ್ಟ್ಸರ್ ತಂಡದವರು ನಮ್ಮವರನ್ನೇ ಹಣೆಗೆ ಕಟ್ಟಿದರು. ಮಾತಾಡುತ್ತಾ ನಡೆದಾಗ ಹಣೆಯ ಹಿಂದಿನ ಭಾಗಕ್ಕೆ ಆಮ್ಲಜನಕದ ಸರಬರಾಜು ಏರಿತು. ಏರಿಕೆ ಎಳೆಯರಲ್ಲಿ ಹೆಚ್ಚು, ಹಿರಿಯರಲ್ಲಿ ಕಡಿಮೆ."

ನಿಮ್ಮ ದೌರ್ಬಲ್ಯ?

"ತೊಗಟೆಗಿಂತ ಆಳಕ್ಕೆ ಇಳಿಯಲಾರೆ. ನಡಿಗೆ ಕೆಡಿಸುವ ಪಾರ್ಕಿನ್ಸನ್ ಕಾಯಿಲೆಯ ಮೂಲ ಇರುವುದೋ ಆಳದಲ್ಲಿ. ರಕ್ತವೂ ನಿಧಾನ; ನರಕೋಶ ಕೆಲಸ ಶುರುಮಾಡಿ ಐದಾರು ಸೆಕೆಂಡು ಕಳೆದ ಮೇಲೆ ನನ್ನ ಗೆರೆ ಶಿಖರ ಮುಟ್ಟುತ್ತದೆ. ಇನ್ನು, ಬಿರುಸಾಗಿ ನಡೆದರೆ ಎದೆಬಡಿತ ಏರುತ್ತದೆ, ನೆತ್ತಿಯ ಚರ್ಮದ ರಕ್ತವೂ ಏರುಪೇರಾಗುತ್ತದೆ. ಅದನ್ನೂ ಮೆದುಳಿನ ಸಾಹಸ ಅಂತ ಬರೆದುಕೊಂಡರೆ? ಅದಕ್ಕೇ ಈಗ 8 ಮಿಲಿಮೀಟರ್ ಅಂತರದಲ್ಲಿ ಇನ್ನೊಂದು ಗುಂಡಿ ಇಟ್ಟು, ಬರೀ ಚರ್ಮದ ಲೆಕ್ಕವನ್ನು ತೆಗೆದು ಕಳೆಯುತ್ತಾರೆ."

ಹಾಗಾದರೆ ಆ ಗುಂಡಿಯಿಲ್ಲದ ಕಾಲದ ಲೇಖನಗಳು?

"ಮುಂದಿನ ಪ್ರಶ್ನೆ ಕೇಳಿ."

ಕೂದಲಿನ ವಿಷಯ ತೆಗೆದಾಗ ಮಾತ್ರ ಅದು ತಾನಾಗಿಯೇ ಬಾಯಿಬಿಟ್ಟಿತು. "ದಟ್ಟ ಕಪ್ಪು ಕೂದಲು ಬೆಳಕನ್ನು ನುಂಗಿಬಿಡುತ್ತದೆ. ಬೋಳುತಲೆ ನನಗೆ ಹಬ್ಬ. ಗುಂಡಿಗುಂಡಿಗೂ ಕೂದಲು ಬಿಡಿಸಿ ಬೈತಲೆ ತೆಗೆಯಬೇಕು. ಬೇಸರಪಟ್ಟವರು ಏನು ಮಾಡುತ್ತಾರೆ ಗೊತ್ತೇ? ಸಿಗ್ನಲ್ ಸರಿಯಿಲ್ಲ ಅಂತ ಆ ತಲೆಯನ್ನೇ ಲೆಕ್ಕದಿಂದ ಬಿಡುತ್ತಾರೆ. ಆಮೇಲೆ 'ಮಾನವ ಮೆದುಳು' ಅಂತ ಶೀರ್ಷಿಕೆ ಕೊಡುತ್ತಾರೆ."

ಅಷ್ಟರಲ್ಲಿ ಬಾಗಿಲಲ್ಲಿ ಮುಂದಿನ ಸ್ವಯಂಸೇವಕಿ ಕಾಣಿಸಿಕೊಂಡರು. ಸೊಂಟದ ಕೆಳಗಿಳಿದ ಜಡೆ. ಟೋಪಿ ಸಂದರ್ಶಕರತ್ತ ತಿರುಗಿ, "ನೀವು ಹೋಗಿ ಕಾಫಿ ಕುಡಿದು ಬನ್ನಿ. ಊಟವನ್ನೂ ಮುಗಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು" ಎಂದಿತು.